ಪಟ್ಟೆ ಚೆಂಡಿನ ಆಟ

ನಿಪ್ಪಾಣಿಯ ರಾವಸಾಹೇಬ ಮಗದುಮ್ಮರ ಹಾಲ್‌ನಲ್ಲಿ ಮೂರು ಟೇಬಲ್ಲುಗಳಿದ್ದವು. ಒಳಗೋಡೆಯ ಕಡೆ ಸ್ನೂಕರಿನ ದೊಡ್ಡ ಟೇಬಲ್, ಬಾಗಿಲ ಹತ್ತಿರ ಪೂಲ್ ಆಡುವ ಎರಡು ಸಣ್ಣ ಟೇಬಲ್. ಗೊಬ್ಬರದ ಅಂಗಡಿಯ ಮೇಲಿನ ಮಹಡಿ ಅದು. ಕಬ್ಬಿನ ಹೊಲದ ಕೆಲಸವನ್ನು ತಮ್ಮನಿಗೆ ಒಪ್ಪಿಸಿ ರಾವಸಾಹೇಬರು ದಿನವಿಡೀ ಅಲ್ಲೇ ಕೂತಿರುತ್ತಿದ್ದರು. ಯಾರು ಬಂದರೆ ಯಾವ ಟೇಬಲ್ಲಿಗೆ ಹೋಗುತ್ತಾರೆ ಎಂಬುದು ಅವರಿಗೆ ಮೆಟ್ಟಿಲ ಮೇಲಿನ ಚಪ್ಪಲಿಯ ಸಪ್ಪಳದಿಂದಲೇ ತಿಳಿಯುತ್ತಿತ್ತು.

ವಕೀಲರೊಬ್ಬರಿಗೆ ಸ್ನೂಕರೇ ಆಗಬೇಕು. ಬಿಳಿ ಚೆಂಡನ್ನು ಇನ್ನೊಂದರ ಹಿಂದೆ ಅಡಗಿಸಿಟ್ಟು, ಎದುರಾಳಿ ಒದ್ದಾಡುವುದನ್ನು ಕುರ್ಚಿಯಲ್ಲಿ ಕೂತು ನೋಡುವುದರಲ್ಲಿ ಅವರಿಗೆ ಸುಖ. ಬಟ್ಟೆ ಅಂಗಡಿಯವರು ಊಟದ ಬಿಡುವಿನಲ್ಲಿ ಬಂದು ಪೂಲ್ ಆಡುತ್ತಿದ್ದರು, ಹತ್ತು ನಿಮಿಷಕ್ಕೆ ಒಂದು ಆಟ ಮುಗಿಯುತ್ತದೆ ಎಂದು. ನಿವೃತ್ತ ಮಾಸ್ತರರೊಬ್ಬರು ಸ್ನೂಕರ್ ಟೇಬಲ್ಲಿನ ಮೇಲೆ ಮೂರೇ ಚೆಂಡು ಇಟ್ಟುಕೊಂಡು ಹಳೆಯ ಬಿಲಿಯರ್ಡ್ಸ್ ಆಡುತ್ತಿದ್ದರು. ಚೆಂಡು ಕಡಿಮೆಯಾದಷ್ಟೂ ತಲೆ ತಣ್ಣಗಿರುತ್ತದಂತೆ.

ಎಲ್ಲರ ಆಯ್ಕೆಗೂ ಒಂದು ಕಾರಣ ಹೊಂದುತ್ತಿತ್ತು. ಹೊಂದದೆ ಉಳಿದವನು ತನ್ವೀರ ಒಬ್ಬನೇ.

ತನ್ವೀರನಿಗೆ ಇಪ್ಪತ್ತೇಳು ವರ್ಷ. ಹತ್ತಿರದ ಭೋಜ ಊರಿನ ರೈತ ಅಲ್ಲಾಬಕ್ಷರ ಮಗ. ಚಿಕ್ಕೋಡಿ ರಸ್ತೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ ಇಟ್ಟಿದ್ದ. ಹಾಲ್‌ನಲ್ಲಿ ಅವನಷ್ಟು ನೇರವಾಗಿ ಚೆಂಡು ಹೊಡೆಯುವವರು ಬೇರೆ ಇರಲಿಲ್ಲ. ಆದರೆ ಅವನು ಆಡುತ್ತಿದ್ದುದು ಪೂಲ್ ಮಾತ್ರ. ಅದರಲ್ಲೂ ಏಳು ಚೆಂಡು ತುಂಬು ಬಣ್ಣದವು, ಏಳು ಪಟ್ಟೆಯವು, ಎಲ್ಲದರ ಮೇಲೂ ನಂಬರು ಬರೆದಿರುವ ಆಟ. ಒಬ್ಬನದು ಪಟ್ಟೆ, ಇನ್ನೊಬ್ಬನದು ತುಂಬಿದವು, ಕೊನೆಗೆ ಎಂಟನೇ ನಂಬರಿನ ಕರಿ ಚೆಂಡು. ಸ್ನೂಕರಿಗೆ ಕರೆದರೆ ಏನಾದರೊಂದು ನೆವ ಹೇಳುತ್ತಿದ್ದ. "ದೊಡ್ಡ ಟೇಬಲ್ ಅಂದ್ರ ತನ್ವೀರನ ಕೈ ನಡಗತಾವ" ಎಂದು ದಲಾಲಿ ಅಂಗಡಿಯ ದುಂಡೇಶ ಎಲ್ಲರೆದುರೂ ನಗುತ್ತಿದ್ದ. ತನ್ವೀರನೂ ನಗುತ್ತಿದ್ದ. ಜನ ಹಾಗೆ ಅಂದುಕೊಳ್ಳುವುದೇ ಅವನಿಗೆ ಅನುಕೂಲವಾಗಿತ್ತು.

ನಿಜ ಸಂಗತಿ ಬೇರೆ ಇತ್ತು. ಸ್ನೂಕರಿನಲ್ಲಿ ಹದಿನೈದು ಕೆಂಪು ಚೆಂಡು, ಆರು ಬೇರೆ ಬೇರೆ ಬಣ್ಣದವು. ಒಮ್ಮೆ ಕೆಂಪನ್ನು ಹಾಕಬೇಕು, ಮುಂದಿನದು ಬೇರೆ ಬಣ್ಣ, ಮತ್ತೆ ಕೆಂಪು. ತಪ್ಪು ಬಣ್ಣಕ್ಕೆ ಹೊಡೆದರೆ ಎದುರಾಳಿಗೆ ಅಂಕ. ತನ್ವೀರನ ಕಣ್ಣಿಗೆ ಕೆಂಪು ಚೆಂಡೂ ಕಂದು ಚೆಂಡೂ ಒಂದೇ ಆಗಿ ಕಾಣುತ್ತಿದ್ದವು. ಹಸಿರು ಕೂಡ ಅವುಗಳಿಂದ ಬಹಳ ದೂರವಿರಲಿಲ್ಲ.

ಈ ಕಣ್ಣಿನಿಂದ ಅವನು ಮೊದಲೇ ಎರಡು ಸಲ ಪೆಟ್ಟು ತಿಂದಿದ್ದ. ಹದಿನೇಳನೆಯ ವಯಸ್ಸಿನಲ್ಲಿ ಅಪ್ಪ ತಂಬಾಕು ಕೊಯ್ಯಲು ಹಚ್ಚಿದಾಗ, ಮಾಗಿದ ಗಿಡಗಳ ಜೊತೆ ಇನ್ನೂ ಹಸಿರಾಗಿದ್ದ ನಾಲ್ಕು ಸಾಲನ್ನು ಕೊಯ್ದು ಮಲಗಿಸಿದ್ದ. ಅಲ್ಲಾಬಕ್ಷರು ಕೈ ಎತ್ತಲಿಲ್ಲ. "ನಿನ್ನ ಚಿತ್ತ ಹೊಲದಾಗ ಇಲ್ಲ, ನಡಿ ಮನೀಗೆ" ಎಂದಷ್ಟೇ ಅಂದರು. ಆಮೇಲೆ ಒಂದು ದಿನವೂ ಅವನ ಕೈಗೆ ಕುಡುಗೋಲು ಕೊಡಲಿಲ್ಲ. ಮುಂದೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯಲು ಹೋದಾಗ ವೈರುಗಳ ಬಣ್ಣ ಅದಲುಬದಲು ಮಾಡಿ, ಮೂರೇ ತಿಂಗಳಿಗೆ ತಾನಾಗಿಯೇ ಬಿಟ್ಟು ಬಂದ. ಒಮ್ಮೆ ಮೊಬೈಲಿನಲ್ಲಿ, ಚುಕ್ಕೆಗಳ ವೃತ್ತದೊಳಗೆ ಅಂಕಿ ಹುಡುಕುವ ಪರೀಕ್ಷೆಯನ್ನು ತೆರೆದಿದ್ದ. ಅವನಿಗೆ ಬರೀ ಚುಕ್ಕೆಗಳೇ ಕಂಡವು. ಮೊಬೈಲ್ ಮುಚ್ಚಿಟ್ಟ. ಯಾರಿಗೂ ಹೇಳಲಿಲ್ಲ.

ಪ್ರತಿ ವರ್ಷ ಡಿಸೆಂಬರಿನಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಆಟಗಾರರು ಒಂದು ಭಾನುವಾರ ಕೂಡಿ ಸ್ನೂಕರ್ ಪಂದ್ಯ ಆಡುವ ರೂಢಿಯಿತ್ತು. ಊರಿಗೆ ಮೂವರು. ಆ ವರ್ಷ ಪಂದ್ಯ ಅಥಣಿಯಲ್ಲಿತ್ತು. ಹದಿನೈದು ದಿನ ಇರುವಾಗ ನಿಪ್ಪಾಣಿಯ ಮೂವರಲ್ಲಿ ಒಬ್ಬನಾದ ಗುರಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ರಾವಸಾಹೇಬರು ನೇರ ವೆಲ್ಡಿಂಗ್ ಶೆಡ್ಡಿಗೇ ಬಂದರು.

"ಈ ಸಲ ನೀ ಬರಬೇಕ ನೋಡಪಾ ತನ್ವೀರ. ಬ್ಯಾರೆ ಯಾರೂ ಇಲ್ಲ."

"ಕಾಕಾ, ನಂದು ಪೂಲ್ ಅಷ್ಟರಿ. ದೊಡ್ಡ ಟೇಬಲ್ ನನಗ ಒಗ್ಗೂದಿಲ್ಲರಿ."

"ಒಗ್ಗೂದಿಲ್ಲ ಅಂದ್ರ ಏನು? ನಿನ್ನ ಕೈ ನಾ ನೋಡೇನಿ. ನಾ ಯಾವತ್ತರೆ ನಿನಗ ಏನರೆ ಕೇಳೇನೇನು?"

ಕೇಳಿರಲಿಲ್ಲ. ಐದು ವರ್ಷದ ಕೆಳಗೆ, ತನ್ವೀರನ ಹೆಸರು ಯಾರಿಗೂ ಗೊತ್ತಿಲ್ಲದಾಗ, ಹಾಲ್‌ನ ಮೆಟ್ಟಿಲಿನ ಕಬ್ಬಿಣದ ಕಟಾಂಜನವನ್ನು ಅವನ ಕೈಯಿಂದಲೇ ಮಾಡಿಸಿದವರು ರಾವಸಾಹೇಬರು. ಅದನ್ನು ನೋಡಿಯೇ ಊರವರು ಅವನಿಗೆ ಕೆಲಸ ಕೊಡಲು ಶುರುಮಾಡಿದ್ದು. ತನ್ವೀರ ಹೂಂ ಅಂದ.

ಆ ಹದಿನೈದು ದಿನ ಅವನು ತನ್ನದೇ ಒಂದು ದಾರಿ ಕಂಡುಕೊಂಡ. ಆಟ ಶುರುವಾಗುವಾಗ ಪ್ರತಿ ಬಣ್ಣದ ಚೆಂಡಿಗೂ ಗೊತ್ತಾದ ಜಾಗವಿರುತ್ತದೆ. ಕಂದು ಚೆಂಡು ಮೇಲಿನ ಗೆರೆಯ ಸರಿ ನಡುವೆ, ಹಸಿರು ಅದರ ಪಕ್ಕದಲ್ಲಿ. ಅವು ಅಲ್ಲಿಂದ ಕದಲಿದರೆ ಎಲ್ಲಿ ಹೋದವು ಎಂದು ಕಣ್ಣಿಟ್ಟು ನೋಡಿ ನೆನಪಿಡುವುದು. ಎದುರಾಳಿ ಆಡುವಾಗಲೂ ಕಣ್ಣು ಕೀಳದಿರುವುದು. ಆಟ ಮುಗಿಯುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ಆದರೂ ದುಂಡೇಶನನ್ನು ಮೂರು ಸಲ ಸೋಲಿಸಿದ. ರಾವಸಾಹೇಬರು ಖುಷಿಯಾಗಿ ಎಲ್ಲರಿಗೂ ಚಹಾ ತರಿಸಿದರು.

ಅಥಣಿಯಲ್ಲಿ ಕೊನೆಯ ಸುತ್ತು ನಿಪ್ಪಾಣಿಗೂ ಅಥಣಿಗೂ ಬಂತು. ದುಂಡೇಶ ಗೆದ್ದ, ವಕೀಲರು ಸೋತರು. ಮೂರನೆಯ ಆಟ ತನ್ವೀರನದು. ಎದುರಿಗೆ ಕೊಕಟನೂರಿನ ಧರೆಪ್ಪ. ಐವತ್ತರ ಹತ್ತಿರದ, ದ್ರಾಕ್ಷಿ ತೋಟದ ಮನುಷ್ಯ, ಮಾತು ಕಡಿಮೆ.

ತನ್ವೀರ ಚೆನ್ನಾಗಿ ಆಡಿದ. ಹತ್ತೊಂಬತ್ತು ಅಂಕ ಮುಂದಿದ್ದ. ಧರೆಪ್ಪ ಆಡುತ್ತಿರುವಾಗ ಮೂಲೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದ. ಅಷ್ಟರೊಳಗೆ ಬಿಳಿ ಚೆಂಡು ಬಡಿದು ಕಂದು ಚೆಂಡು ತನ್ನ ಜಾಗ ಬಿಟ್ಟು ಉರುಳಿ, ಎರಡು ಕೆಂಪು ಚೆಂಡುಗಳ ಪಕ್ಕ ನಿಂತಿತ್ತು. ತನ್ವೀರನ ಸರದಿ ಬಂತು. ಒಂದು ಕೆಂಪು ಹಾಕಿದ, ಅದರ ಹಿಂದೆಯೇ ಕರಿದು. ಜನ ಚಪ್ಪಾಳೆ ತಟ್ಟಿದರು. ಉಳಿದ ಕೆಂಪು ನಾಲ್ಕಿರಬೇಕಿತ್ತು, ಅವನಿಗೆ ಐದು ಕಂಡವು. ಲೆಕ್ಕ ತಪ್ಪಿರಬೇಕು ಅಂದುಕೊಂಡ. ಮೇಲಿನ ಗೆರೆಯ ನಡುವಿನ ಜಾಗ ಖಾಲಿಯಿದೆಯೇ ಎಂದು ತಲೆ ಎತ್ತಿ ನೋಡಿದ್ದರೆ ಸಾಕಿತ್ತು. ಚಪ್ಪಾಳೆಯ ಭರದಲ್ಲಿ ನೋಡಲಿಲ್ಲ. ಪಾಕೆಟ್ಟಿಗೆ ಹತ್ತಿರವಿದ್ದ ಚೆಂಡನ್ನು ಗುರಿಯಿಟ್ಟು ಹೊಡೆದ. ಅದು ಸದ್ದಿಲ್ಲದೆ ಒಳಗೆ ಹೋಯಿತು. ಸ್ಟಿಕ್ಕಿಗೆ ಚಾಕ್ ಹಚ್ಚಿಕೊಳ್ಳುತ್ತ ಕರಿ ಚೆಂಡಿನ ಕಡೆಗೆ ನಡೆದ.

"ಫೌಲ್" ಎಂದರು ಅಂಪೈರು. "ಕಂದು ಚೆಂಡು. ನಾಕು ಅಂಕ ಅಥಣಿಗೆ."

ಹಾಲ್‌ನಲ್ಲಿ ಯಾರೋ ಗೊಳ್ಳೆಂದು ನಕ್ಕರು. ತನ್ವೀರ ತನ್ನ ಊರವರ ಮುಖ ನೋಡಿದ. ಆಮೇಲೆ ಅವನ ಒಂದು ಹೊಡೆತವೂ ಗುರಿ ಮುಟ್ಟಲಿಲ್ಲ. ಧರೆಪ್ಪ ಒಂದೊಂದೇ ಚೆಂಡನ್ನು ಹಾಕುತ್ತ ಹೋಗಿ ಗೆದ್ದ.

ವಾಪಸು ಬರುವಾಗ ಗಾಡಿಯಲ್ಲಿ ದುಂಡೇಶ ಒಬ್ಬನೇ ಮಾತಾಡಿದ. "ಕೂಸಿಗೂ ಕಾಣತೈತಲೇ ಅದು ಕಂದು ಅಂತ. ನಮ್ಮನ್ನ ಚಾಷ್ಟಿ ಮಾಡಾಕ ಬಂದಿದ್ದೇನು?" ರಾವಸಾಹೇಬರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರೂ ಒಂದು ಮಾತು ಬೈದಿದ್ದರೆ ತನ್ವೀರನಿಗೆ ಹಗುರವಾಗುತ್ತಿತ್ತೇನೋ.

ಅವನು ಹಾಲ್‌ಗೆ ಹೋಗುವುದನ್ನು ಬಿಟ್ಟ.

ಒಂಬತ್ತನೆಯ ದಿನ ಬೆಳಗಿನ ಹತ್ತರ ಸುಮಾರಿಗೆ ಶೆಡ್ಡಿನ ಮುಂದೆ ಒಂದು ಬೈಕ್ ನಿಂತಿತು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚುತ್ತ ಧರೆಪ್ಪ ಇಳಿದ. ಕೊಕಟನೂರಿನಿಂದ ಅಷ್ಟು ದೂರ ಬೈಕಿನಲ್ಲೇ ಬಂದಿದ್ದ. ಮೈಯೆಲ್ಲ ಧೂಳು.

"ಗುರ್ತ ಸಿಕ್ಕಿತೇನಪಾ?"

"ಬರ್ರಿ ಅಣ್ಣಾರ" ಎಂದ ತನ್ವೀರ. ಯಾಕೆ ಬಂದಿದ್ದಾನೆ ಎಂದು ತಿಳಿಯದೆ ಸ್ಟೂಲ್ ಒರೆಸಿ ಕೊಟ್ಟ.

ಧರೆಪ್ಪ ಕೂರಲಿಲ್ಲ. ಗೋಡೆಯ ಬದಿಗೆ ಸಾಲಾಗಿಟ್ಟಿದ್ದ ಪೇಂಟಿನ ಡಬ್ಬಿಗಳನ್ನು ನೋಡುತ್ತಿದ್ದ. ಪ್ರತಿ ಮುಚ್ಚಳದ ಮೇಲೂ ಮಾರ್ಕರಿನಲ್ಲಿ ದಪ್ಪಗೆ ಬರೆದಿತ್ತು: ಕೆಂಪು, ಹಸಿರು, ಚಾಕಲೇಟು, ಬೂದಿ. ಓದಿ ಮುಗಿಸಿ, ತಾನು ಅಂದುಕೊಂಡದ್ದು ಸರಿ ಎನ್ನುವಂತೆ ತಲೆಯಾಡಿಸಿದ. ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ತನ್ವೀರನ ಮುಂದೆ ತೆರೆದ. ಅದರ ತುಂಬ ಮಣೂಕ, ಅವನದೇ ತೋಟದ ಒಣದ್ರಾಕ್ಷಿ.

"ಸಿಟ್ಟಿಗೆ ಬರಬ್ಯಾಡ. ಇದರಾಗಿನ ಹಸರು ಬ್ಯಾರೆ, ಕಂದು ಬ್ಯಾರೆ ಮಾಡಿ ಕೊಡತೀಯೇನು?"

ತನ್ವೀರ ಡಬ್ಬಿಯೊಳಗೆ ನೋಡಿದ. ಮುಖ ಬಿಸಿಯಾಯಿತು. ಸುಳ್ಳು ಹೇಳಬಹುದಿತ್ತು. ಆದರೆ ಇಷ್ಟು ದೂರ ಬಂದ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಎಲ್ಲಾ ಒಂದ ಅದಾವಲ್ರಿ" ಎಂದ.

"ಅರ್ಧಕ್ಕರ್ಧ ಕೂಡಿಸಿ ತಂದೇನಿ" ಎಂದ ಧರೆಪ್ಪ. ಆಗ ಸ್ಟೂಲಿನ ಮೇಲೆ ಕೂತ. "ನನ್ನ ತಮ್ಮ ಭೀಮಸಿಗೂ ಹಿಂಗ ಕಾಣತೈತಿ. ಹನ್ನೆರಡು ವರ್ಷದ ಹಿಂದಿನ ಮಾತು. ಮಣೂಕ ಆರಿಸಾಕ ಕೂಡಿಸಿದ್ದೆ. ಹಸರಿನ್ಯಾಗ ಕಂದು ಹಾಕಿ ಡಬ್ಬ ತುಂಬಿಸಿದ್ದ. ಬೇಕಂತ ಮಾಡ್ಯಾನ ಅಂತ ತಿಳದು, ಆಳಮಂದಿ ಎದುರಿಗೆ ಅವನ ಕಪಾಳಕ್ಕ ಹೊಡದೆ. ಆರು ತಿಂಗಳ ಆದಮ್ಯಾಲ ಚಷ್ಮಾ ಮಾಡಸಾಕ ಚಿಕ್ಕೋಡಿಗೆ ಕರಕೊಂಡ ಹೋದಾಗ ಡಾಕ್ಟರು ಹೇಳಿದ್ರು, ಇವನಿಗೆ ಹುಟ್ಟಿನಿಂದ ಕೆಂಪು ಹಸರು ಸರಿ ಕಾಣೂದಿಲ್ಲ ಅಂತ. ನನಗ ನೆಲ ಬಾಯಿ ಬಿಡಬಾರದ ಅನ್ನಸ್ತು."

ತನ್ವೀರ ಡಬ್ಬಿಯಿಂದ ಒಂದು ಮಣೂಕ ತೆಗೆದು ಬೆಳಕಿಗೆ ಹಿಡಿದು ನೋಡಿದ.

"ಆವತ್ತ ಫೌಲ್ ಅಂದ ಕೂಡ್ಲೆ ನೀ ಟೇಬಲ್ ನೋಡಲಿಲ್ಲ, ನಿಮ್ಮ ಮಂದಿ ಮುಖ ನೋಡಿದಿ. ಭೀಮಸಿನೂ ಹಂಗ ನೋಡಿದ್ದ. ನಾ ಗೆದ್ದು ಮನೀಗೆ ಹೋದೆ, ಖರೆ. ಊಟ ಸೇರಲಿಲ್ಲ." ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದ. "ಇದು ಆಟದ ಕಾಯ್ದೆ. ಪರಿಚಯದ ಅಂಪೈರ್ ಒಬ್ಬರ ಕಡೆಯಿಂದ ಬರಸಿಕೊಂಡ ಬಂದೇನಿ. ಬಣ್ಣ ತಿಳಿಯದ ಆಟಗಾರ ಕೇಳಿದ್ರ, ಚೆಂಡಿನ ಬಣ್ಣ ಯಾವದಂತ ಅಂಪೈರ್ ಹೇಳಬೇಕು. ಕೇಳಾಕ ನಾಚಿಕಿ ಬ್ಯಾಡ. ಅದು ನಿನ್ನ ಹಕ್ಕ ಐತಿ."

ತನ್ವೀರ ಕಾಗದವನ್ನು ಎರಡು ಸಲ ಓದಿದ. ತನ್ನಂಥವರು ಇರುತ್ತಾರೆಂದು ಎಲ್ಲೋ ಯಾರೋ ಮೊದಲೇ ಯೋಚಿಸಿ, ಅದಕ್ಕೊಂದು ಸಾಲು ಬರೆದಿಟ್ಟಿದ್ದರು. ಹತ್ತು ವರ್ಷ ಹೊತ್ತ ಗುಟ್ಟಿಗೆ ಒಂದು ಸಾಲು. ಅವನು ಮುಖ ಆ ಕಡೆ ತಿರುಗಿಸಿ, ಅರ್ಧ ಮುಗಿದ ಗೇಟಿನ ಸರಳು ಹಿಡಿದು ನಿಂತ. ಧರೆಪ್ಪ ಅವನನ್ನು ಅವಸರ ಮಾಡಲಿಲ್ಲ. ಡಬ್ಬಿಯಿಂದ ನಾಲ್ಕು ಮಣೂಕ ಬಾಯಿಗೆ ಹಾಕಿಕೊಂಡು ರಸ್ತೆ ನೋಡುತ್ತ ಕೂತ.

"ನಡಿ" ಎಂದ ಆಮೇಲೆ. "ಮಗದುಮ್ಮರ ಕಡೆ ಹೋಗೂನು. ನಾ ಹೇಳತೀನಿ."

"ಬ್ಯಾಡ್ರಿ ಅಣ್ಣಾರ. ನೀವು ಬಾಜೂಕ ಇರ್ರಿ ಸಾಕು. ನಾನ ಹೇಳತೀನಿ."

ಹಾಲ್‌ನಲ್ಲಿ ಆ ಹೊತ್ತಿಗೆ ರಾವಸಾಹೇಬರೂ ದುಂಡೇಶನೂ ಇದ್ದರು. ತನ್ವೀರ ನಿಂತಲ್ಲೇ ಎಲ್ಲ ಹೇಳಿದ. ಹೇಳುವುದು ಎರಡೇ ನಿಮಿಷದಲ್ಲಿ ಮುಗಿದುಹೋಯಿತು. ಅಷ್ಟು ಸಣ್ಣ ಮಾತಾಗಿತ್ತೇ ಅದು ಎಂದು ಅವನಿಗೇ ಅನಿಸಿತು. ರಾವಸಾಹೇಬರು ಕುರ್ಚಿಯಿಂದ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಐದು ವರ್ಷ ನನ್ನ ಕಣ್ಣ ಮುಂದ ಆಡಾಕತ್ತಿ. ಯಾಕ ಬರೇ ಪೂಲ್ ಆಡತಾನ ಅಂತ ನಾ ಒಂದಿನಾ ಸಮಾಧಾನದಿಂದ ಕೇಳಲಿಲ್ಲ. ಕೇಳಿದ್ದೂ ನಗಿಚಾಟ್ಗಿ ಮಾಡಾಕ. ತಪ್ಪ ನಂದೈತಿ ಮಗಾ."

ದುಂಡೇಶ ದೊಡ್ಡ ಟೇಬಲ್ಲಿನ ದೀಪ ಹಾಕಿ, ಚೆಂಡುಗಳನ್ನು ಜೋಡಿಸತೊಡಗಿದ. ಜೋಡಿಸಿ ಮುಗಿಸಿ, "ಆಡ್ರಿ ಇಬ್ಬರೂ. ಬಣ್ಣ ನಾ ಹೇಳತೀನಿ" ಎಂದ. ಅವನಿಗೆ ಬರುತ್ತಿದ್ದ ಕ್ಷಮೆಯ ಮಾತು ಅದೊಂದೇ.

ಪಂದ್ಯವನ್ನು ಇನ್ನೊಮ್ಮೆ ಆಡಿ ತೀರ್ಮಾನಿಸೋಣ ಎಂದು ಧರೆಪ್ಪ ಅಂದಾಗ ರಾವಸಾಹೇಬರು ಒಪ್ಪಲಿಲ್ಲ. ಗೆದ್ದದ್ದು ಅಥಣಿಯೇ, ಇದು ಸುಮ್ಮನೆ ಆಟ ಎಂದರು. ತನ್ವೀರ ಆಡಿದ. ಅನುಮಾನ ಬಂದಾಗಲೆಲ್ಲ ಬಾಯಿ ಬಿಟ್ಟು ಕೇಳಿದ, "ದುಂಡೇಶಣ್ಣ, ಈ ಕಡೆದು ಯಾವದು?" "ಕೆಂಪು." "ಅದರ ಹಿಂದಿಂದು?" "ಹಸರು, ಮುಟ್ಟಬ್ಯಾಡ." ಯಾರೂ ನಗಲಿಲ್ಲ. ಎದುರಾಳಿ ಆಡುವಾಗ ಕುರ್ಚಿಗೆ ಒರಗಿ ಕಾಲು ಚಾಚಿ ಕೂತ. ಯಾವ ಚೆಂಡು ಎಲ್ಲಿ ಹೋಯಿತೆಂದು ಕಾಯಬೇಕಿರಲಿಲ್ಲ. ಆಟದಲ್ಲಿ ಇಷ್ಟು ಆರಾಮವಿರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಏಳು ಅಂಕದಿಂದ ಸೋತ. ಸೋತು ನಕ್ಕ.

ಊಟ ಮಾಡಿಸಿ ಧರೆಪ್ಪನನ್ನು ಬೀಳ್ಕೊಟ್ಟ ಮೇಲೆ ತನ್ವೀರ ಶೆಡ್ ತೆರೆಯಲಿಲ್ಲ. ಸೀದಾ ಭೋಜಕ್ಕೆ ಹೋದ.

ಅಲ್ಲಾಬಕ್ಷರು ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದರು. ಅಮ್ಮ ರಜಿಯಾ ಚಹಾ ತಂದಿಟ್ಟಳು. ತನ್ವೀರ ಧರೆಪ್ಪನ ಮಾತಿನಿಂದ ಶುರುಮಾಡಿ ಆ ನಾಲ್ಕು ಸಾಲು ತಂಬಾಕಿನವರೆಗೆ ಬಂದ. "ಅಬ್ಬಾ, ನನ್ನ ಚಿತ್ತ ಹೊಲದಾಗ ಇತ್ತು. ನನಗ ಎಲ್ಲಾ ಎಲಿ ಒಂದ ಕಂಡ್ವು" ಎಂದ.

ಅಲ್ಲಾಬಕ್ಷರು ಕೈಗೆತ್ತಿಕೊಂಡ ಕಪ್ಪನ್ನು ಕೆಳಗಿಟ್ಟರು. ಚಹಾದ ಮೇಲೆ ಕೆನೆ ಕಟ್ಟಿತು. ಮಾತಾಡಿದವಳು ರಜಿಯಾ.

"ನಮ್ಮ ಅಬ್ಬಾಗೂ ಹಿಂಗ ಇತ್ತು" ಎಂದಳು. ಅವಳ ತವರು ಕೊಗನೊಳ್ಳಿ. "ಸಂತ್ಯಾಗ ಟೊಮೆಟೊ ಹಣ್ಣಾಗ್ಯಾವೋ ಇಲ್ಲೋ ಅಂತ ನನ್ನ ಕೇಳಿ ತಗೋತಿದ್ರು. ಕೆಂಪು ಸೀರಿ ತಾ ಅಂದ್ರ ಕಂದು ತರತಿದ್ರು. ನಾವು ನಗತಿದ್ವಿ. ಅದು ಕಣ್ಣಂತ ಯಾರಿಗೆ ಗೊತ್ತಿತ್ತು?"

"ಧರೆಪ್ಪಣ್ಣಾಗ ಡಾಕ್ಟರು ಹೇಳಿದ್ರಂತ, ತಾಯಿ ಕಡಿಂದ ಬರತೈತಂತ ಇದು" ಎಂದ ತನ್ವೀರ. ರಜಿಯಾಳ ಮುಖ ಸಣ್ಣಗಾಗುವುದನ್ನು ಕಂಡು ಕೂಡಲೇ ಅವಳ ಕೈ ಹಿಡಿದ. "ಅಜ್ಜನ ಕಣ್ಣ ಬಂದಾವ ಅಂದ್ರ ಛಲೋನ ಆತಲ್ಲ ಅಮ್ಮಿ. ಅವರ ಕೈನೂ ಬಂದಾವ." ಅಜ್ಜ ಬಡಿಗತನ ಮಾಡುತ್ತಿದ್ದವರು.

ಮರುದಿನ ಬೆಳಿಗ್ಗೆ ಅಲ್ಲಾಬಕ್ಷರು ಮಗನನ್ನು ಎಬ್ಬಿಸಿ ಹೊಲಕ್ಕೆ ಕರೆದುಕೊಂಡು ಹೋದರು. ತಂಬಾಕು ಕೊಯ್ಲಿಗೆ ಬಂದಿತ್ತು. ಗಿಡಗಳ ನಡುವೆ ನಿಂತು, "ಕಣ್ಣ ಮುಚ್ಚು" ಎಂದರು. ಅವನ ಕೈ ಹಿಡಿದು ಒಂದು ಎಲೆಯ ಮೇಲೆ ಇಟ್ಟರು. "ಇದು ಮೆತ್ತಗ ಐತಿ, ಮಡಿಚಿದ್ರ ಬಾಗತೈತಿ. ಇನ್ನೂ ಎಂಟ ದಿನ ಬೇಕು." ಇನ್ನೊಂದರ ಮೇಲೆ ಇಟ್ಟರು. "ಇದು ನೋಡು. ದಪ್ಪ ಆಗೈತಿ, ಬೆರಳಿಗೆ ಅಂಟತೈತಿ. ಮಡಿಚು." ತನ್ವೀರ ಮಡಚಿದ. ಎಲೆ ಚಟ್ಟನೆ ಮುರಿಯಿತು.

"ಇದು ಮಾಗೈತಿ" ಎಂದರು ಅಲ್ಲಾಬಕ್ಷರು. "ನಾನೂ ಬರೇ ಕಣ್ಣಲೆ ನೋಡೂದಿಲ್ಲ, ಕೈಲೆನ ನೋಡತೀನಿ. ಹತ್ತ ವರ್ಷದ ಹಿಂದ ಇದನ್ನ ತೋರಿಸಬೇಕಿತ್ತು ನಾ." ಮಗನ ಕೈಯನ್ನು ಅವರು ಬಿಡಲಿಲ್ಲ. ಆ ಸಾಲಿನ ಕೊನೆಯವರೆಗೂ ಇಬ್ಬರೂ ಹಾಗೇ ಎಲೆ ಮುಟ್ಟುತ್ತ ಹೋದರು. ಆ ವಾರ ತನ್ವೀರ ಎರಡು ದಿನ ಶೆಡ್ಡಿಗೆ ಬೀಗ ಹಾಕಿ ತಂಬಾಕು ಕೊಯ್ದ. ಒಂದು ಗಿಡವೂ ತಪ್ಪಲಿಲ್ಲ.

ಈಗ ಅವನು ಯಾವ ಆಟವನ್ನಾದರೂ ಆಡಬಹುದು. ಮುಂದಿನ ಡಿಸೆಂಬರಿನ ಪಂದ್ಯಕ್ಕೆ ಹೆಸರು ಕೊಟ್ಟಿದ್ದಾನೆ. ಅಲ್ಲಿ ಬಣ್ಣ ಕೇಳುವುದಾಗಿ ಅಂಪೈರಿಗೆ ಮೊದಲೇ ತಿಳಿಸಿಯೂ ಆಗಿದೆ. ಆದರೆ ಕೆಲಸ ಮುಗಿಸಿ ಸಂಜೆ ಹಾಲ್‌ಗೆ ಬಂದವನು ಇವತ್ತಿಗೂ ಹೋಗುವುದು ಬಾಗಿಲ ಬದಿಯ ಸಣ್ಣ ಟೇಬಲ್ಲಿಗೆ.

"ಈಗರೆ ದೊಡ್ಡದರ ಮ್ಯಾಲ ಆಡಬಾರದೇನೋ?" ಎಂದು ರಾವಸಾಹೇಬರು ಒಮ್ಮೆ ಕೇಳಿದರು. ಈ ಸಲ ನಿಜವಾಗಿ ತಿಳಿದುಕೊಳ್ಳಲಿಕ್ಕೆ.

ತನ್ವೀರ ಸ್ಟಿಕ್ಕಿಗೆ ಚಾಕ್ ಹಚ್ಚಿದ. "ಮೊದಲ ಅಂಜಿ ಆಡತಿದ್ದೆ ಕಾಕಾ. ಈಗ ಖರೇನ ಸೇರತೈತಿ. ಮೊದಲನೇ ಹೊಡತಕ್ಕ ಎಲ್ಲಾ ಚೆಂಡು ಚೆಲ್ಲಾಪಿಲ್ಲಿ ಆಗೂ ಸಪ್ಪಳ ಸೇರತೈತಿ. ಆ ಟೇಬಲ್ ಮ್ಯಾಲ ಎದುರಿನಾಂವ ದೂರ ಕುಂತಿರತಾನ್ರಿ. ಇಲ್ಲಿ ಬಾಜೂಕ ನಿಂತು ಮಾತಾಡಕೋತ ಆಡತೀವಿ."

ಮಾರ್ಚಿನಲ್ಲಿ ಧರೆಪ್ಪನ ತೋಟದ ಶೆಡ್ಡಿಗೆ ಹೊಸ ಗೇಟು ಕೂರಿಸಲು ತನ್ವೀರ ಕೊಕಟನೂರಿಗೆ ಹೋದ. ಎರಡು ದಿನ ಅವರ ಮನೆಯಲ್ಲೇ ಉಳಿದ. ಭೀಮಸಿ ಮಣೂಕದ ತೂಕ ನೋಡಿಕೊಂಡು ಇರುತ್ತಾನೆ, ನಲವತ್ತು ದಾಟಿದ ಮೆತ್ತನೆಯ ಮನುಷ್ಯ. ಅಣ್ಣ ಎಷ್ಟು ಕರೆದರೂ ಒಂದು ದಿನವೂ ಸ್ಟಿಕ್ ಹಿಡಿದವನಲ್ಲ. ತಾನು ಆಡಿದರೆ ಅಣ್ಣನ ಮಾನ ಹೋಗುತ್ತದೆ ಎಂದು ಅವನ ಹೆದರಿಕೆ. ತನ್ವೀರ ಅವನಿಗೆ ಪಟ್ಟೆ ಚೆಂಡಿನ ಆಟದ ಸಂಗತಿ ಹೇಳಿದ. ಎರಡನೆಯ ದಿನ ಗೇಟಿನ ಕೆಲಸ ಮುಗಿದ ಮೇಲೆ ಮೂವರೂ ಅಥಣಿಗೆ ಹೋದರು.

"ಇವು ಪಟ್ಟೆ ಇದ್ದವು ನಿಮ್ಮವು. ಬಣ್ಣ ಮರತ ಬಿಡ್ರಿ" ಎಂದು ತನ್ವೀರ ಭೀಮಸಿಯ ಕೈಗೆ ಸ್ಟಿಕ್ ಕೊಟ್ಟು, ಎಡಗೈ ಬೆರಳುಗಳನ್ನು ಟೇಬಲ್ಲಿನ ಮೇಲೆ ಹೇಗೆ ಊರಬೇಕೆಂದು ತೋರಿಸಿದ. ಮೊದಲ ಐದಾರು ಹೊಡೆತ ಎಲ್ಲೆಲ್ಲಿಗೋ ಹೋದವು. ಏಳನೆಯದಕ್ಕೆ ಹನ್ನೊಂದನೇ ನಂಬರಿನ ಪಟ್ಟೆ ಚೆಂಡು ಮೂಲೆಯ ಪಾಕೆಟ್ಟಿಗೆ ಉರುಳಿ ಬಿತ್ತು. ಭೀಮಸಿ ಗಾಬರಿಯಿಂದ ಅಣ್ಣನ ಮುಖ ನೋಡಿದ, ಸರಿಯಾಯಿತೋ ತಪ್ಪಾಯಿತೋ ಎಂದು.

"ಬರೋಬ್ಬರಿ ಐತಿ" ಎಂದ ಧರೆಪ್ಪ. "ನಿಂದ ಚೆಂಡು ಅದು. ಮತ್ತ ನಿಂದ ಪಾಳೆ. ಹೊಡಿ."

ಭೀಮಸಿ ಮತ್ತೆ ಬಾಗಿದ. ಧರೆಪ್ಪ ಟವೆಲ್ಲಿನಿಂದ ಕಣ್ಣು ಒರೆಸಿಕೊಳ್ಳುತ್ತ ತನ್ವೀರನ ಕಡೆ ನೋಡಿ ಎರಡೂ ಕೈ ಜೋಡಿಸಿದ. ತನ್ವೀರ ಓಡಿಹೋಗಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. "ಅದನ್ನ ನಾ ಮಾಡಬೇಕ್ರಿ ಅಣ್ಣಾರ, ನೀವಲ್ಲ" ಎಂದ.